ಡಬ್ಬಿ ಇದ್ದ ಜಾಗ

ಡಿಸೆಂಬರ್ ತಿಂಗಳು, ಸಂಜೆ ನಾಲ್ಕು ಗಂಟೆ, ಅಮೆರಿಕದ ಡುಲೂತಿನಲ್ಲಿ ಬೆಳಕು ಇಳಿಯುವ ಹೊತ್ತು. ಹೆಂಡತಿ ಐಲಿ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದ ಅವಳ ತಮ್ಮ ಆರ್ವೋ, ಕೇಬಲ್ ಡಬ್ಬಿ ಕಿತ್ತು ಟಿವಿಗೆ ಇಂಟರ್ನೆಟ್ ಹಾಕಿದ. ಅವನು ಬಂದಮೇಲೆಯೇ ಮನೆಯಲ್ಲಿ ಮತ್ತೆ ಮಾತು ಹುಟ್ಟಿದ್ದು.

"ಇನ್ಮೇಲೆ ಯಾವಾಗ ಬೇಕೋ ಆವಾಗ ನೋಡು, ಭಾವ."

"ನಂಗೆ ನಾಲ್ಕರ ಹವಾಮಾನ ವರದಿ ಸಾಕಿತ್ತು ಕಣೋ."

"ಮುದಿ ಗೂಬೆ!" ಎಂದು ನಕ್ಕ.

ಐಲಿ ದಿನಾ ನಾಲ್ಕಕ್ಕೆ ಹಕ್ಕಿಗಳಿಗೆ ಸೂರ್ಯಕಾಂತಿ ಬೀಜ ಹಾಕಿ ಬಂದು, ಒದ್ದೆ ಕೈಗವಸನ್ನು ಆ ಬೆಚ್ಚನೆಯ ಡಬ್ಬಿಯ ಮೇಲೆ ಒಣಗಲು ಇಡುತ್ತಿದ್ದಳು. ಡಬ್ಬಿಯನ್ನು ನಾನೇ ಹೋಗಿ ಕಂಪನಿಗೆ ಒಪ್ಪಿಸಿ ಬಂದೆ.

ಮರುದಿನ ನಾಲ್ಕಕ್ಕೆ, ಡಬ್ಬಿ ಇದ್ದ ಖಾಲಿ ಹಲಗೆ ಬೆಚ್ಚಗಿತ್ತು.

"ಗೋಡೆಯೊಳಗೆ ಬಿಸಿಗಾಳಿ ಕೊಳವೆ ಇರ್ಬೇಕು," ಎಂದ ಆರ್ವೋ. ಆ ಗೋಡೆಯ ಮೇಲೆ ಹಿಮದ ಪೊರೆ ಕಟ್ಟಿತ್ತು.

ಮೂರನೆಯ ದಿನ, ನೋಡೇಬಿಡೋಣ ಎಂದು ತನ್ನ ಒಣ ಕೈಗವಸನ್ನು ಅಲ್ಲಿಟ್ಟ. ಇಬ್ಬರೂ ಎದುರಿಗೇ ಕೂತಿದ್ದೆವು. ನಾಲ್ಕು ಹೊಡೆದಾಗ ಎತ್ತಿದ, ನೀರು ತೊಟ್ಟಿಕ್ಕಿತು. ಕೈಗವಸಿನ ಬೆರಳುಗಳಿಗೆ ಸೂರ್ಯಕಾಂತಿ ಬೀಜದ ಸಿಪ್ಪೆ ಅಂಟಿತ್ತು.

"ಇದನ್ನ ನೀನೇ ಮಾಡಿದ್ದು ಅಂತ ಒಪ್ಕೊಂಡುಬಿಡು, ಭಾವ," ಎಂದ. ಹೂಂ ಅಂದಿದ್ದರೆ ಉಳಿಯುತ್ತಿದ್ದನೋ ಏನೋ. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

ಕೈಗವಸನ್ನು ಹಲಗೆಯ ಮೇಲೇ ಬಿಟ್ಟು, ಶುಕ್ರವಾರ ಆರ್ವೋ ಹೊರಟುಹೋದ.