ಹೇಮತ್ತೆ ರೋಡಿಗೆ ಯಾಕೆ ಇಳಿಸಲಿಲ್ಲ?

“ಬಿದ್ದಿಲ್ಲ ಕಣೋ, ಇಳಿಸಿದ್ದು!”

ಧನುಶ್ರೀ ಕಿರುಚಿದ ಜೋರಿಗೆ ಕಣಕಟ್ಟೆ ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಸುಮ್ನಿರೇ, ನಾನೇ ಕಣ್ಣಾರೆ ನೋಡೀನಿ. ವಿಮಾನ ದೊಪ್ ಅಂತ ಬಿತ್ತು,” ಎಂದ ಶರತ್. “ಪಕ್ಕದಲ್ಲೇ ರೋಡ್ ಐತೆ, ನೂಲು ಹಿಡಿದಂಗೆ ನೇರ. ಅದನ್ ಬಿಟ್ಟು ಯಾರಾದ್ರೂ ಉತ್ತ ಹೊಲಕ್ಕೆ ಇಳಿಸ್ತಾರಾ? ನಿಮ್ಮತ್ತೆಗೆ ಬರಲ್ಲ, ಒಪ್ಕೊ.”

ಹೇಮತ್ತೆ ಧನುಶ್ರೀಯ ಅಪ್ಪನ ತಂಗಿ, ಊರಿಗೆಲ್ಲ ಒಬ್ಬಳೇ ಪೈಲಟ್. ಹಾರಿಸುವುದು ಜೈರೋಪ್ಲೇನ್, ಅಂದರೆ ಎರಡೇ ಸೀಟಿನ ಪುಟಾಣಿ ವಿಮಾನ. ತಲೆಯ ಮೇಲೆ ಫ್ಯಾನಿನ ಹಾಗೆ ತಿರುಗುವ ರೆಕ್ಕೆ, ಬೆನ್ನ ಹಿಂದೆ ಎಂಜಿನ್. ನಿನ್ನೆ ತೆಂಗಿನ ತೋಟಗಳ ಫೋಟೊ ತೆಗೆಯುತ್ತಿದ್ದಾಗ ಆ ಎಂಜಿನ್ ನಿಂತೇಹೋಯಿತು. ಅತ್ತೆಯ ಮೊಣಕೈ ತರಚಿತು, ವಿಮಾನದ ಮುಂದಿನ ಚಕ್ರ ಸೊಟ್ಟಗಾಯಿತು. ಆಡಿಕೊಳ್ಳುವ ಬಾಯಿಗೆ ಅಷ್ಟು ಸಾಲದೇ? ಅದೂ, “ನಮ್ಮತ್ತೆ ಥರ ಯಾರಿಗೂ ಬರಲ್ಲ” ಎಂದು ಧನುಶ್ರೀ ಕ್ಲಾಸಿಗೆಲ್ಲ ಜಂಬ ಕೊಚ್ಚಿಕೊಂಡಿದ್ದ ಮೇಲೆ!

“ವಿಡಿಯೊ ಮಾಡೀನಿ. ನೋಡ್ತೀಯಾ?” ಶರತ್ ಅವರಮ್ಮನ ಫೋನು ತೆಗೆದ.

“ಹಾಕು. ನೋಡೇ ಬಿಡಾಣ.”

ಮೊದಲು ರೋಡ್ ಕಾಣಿಸಿತು. ಅದರ ಮೇಲೆ ಉದ್ದಕ್ಕೂ ಹುರುಳಿ ಗಿಡ ಹಾಸಿತ್ತು. ಊರಲ್ಲಿ ಹುರುಳಿ ಕಿತ್ತ ಮೇಲೆ ಹಾಗೇ ಮಾಡುತ್ತಾರೆ. ಬಸ್ಸು, ಲಾರಿ ಮೇಲೆ ಹತ್ತಿ ಹೋದರೆ ಕಾಳು ತಾನೇ ಉದುರುತ್ತದೆ. ಡ್ರೈವರುಗಳು ಬೈದುಕೊಂಡೇ ಹತ್ತಿಸುತ್ತಾರೆ. ರೋಡಿನ ನಡುವೆ ಶರತ್‌ನ ಅಜ್ಜಿ ಬಸಮ್ಮ ಬೆನ್ನು ತಿರುಗಿಸಿ ನಿಂತು ಮೊರದಲ್ಲಿ ಕಾಳು ತೂರುತ್ತಿದ್ದಳು.

ದೂರದ ಆಕಾಶದಲ್ಲಿ ಜೈರೋಪ್ಲೇನ್. ಅದಕ್ಕೆ ಸದ್ದೇ ಇಲ್ಲ. ಮೂತಿ ಕೆಳಗೆ ಮಾಡಿಕೊಂಡು ನೇರವಾಗಿ ರೋಡಿನ ಕಡೆಗೇ ಇಳಿಯುತ್ತಿದೆ.

“ಅಜ್ಜೀ, ನೋಡಜ್ಜೀ!” ಶರತ್‌ನ ಕೂಗು ಕೇಳಿಸಿತು. ಬಸಮ್ಮ ತಿರುಗಲಿಲ್ಲ.

ವಿಮಾನ ದೊಡ್ಡದಾಗುತ್ತಾ ಬಂತು. ಇದ್ದಕ್ಕಿದ್ದಂತೆ ವಾಲಿ, ಎಡಕ್ಕೆ ತಿರುಗಿ, ಹೊಲಕ್ಕೆ ಇಳಿಯಿತು. ದೊಪ್! ಮಣ್ಣು ಹಾರಿತು.

“ನೋಡ್ದಾ? ಬಿ...” ಶರತ್ ಅರ್ಧಕ್ಕೇ ನಿಲ್ಲಿಸಿದ.

“ಇನ್ನೊಂದ್ಸಲ ಹಾಕು,” ಎಂದಳು ಧನುಶ್ರೀ.

ಈ ಸಲ ಇಬ್ಬರೂ ವಿಮಾನ ನೋಡಲಿಲ್ಲ. ಬಸಮ್ಮನನ್ನೇ ನೋಡಿದರು.

“ನಮ್ಮಜ್ಜಿಗೆ ಕಿವಿ ಕೇಳ್ಸಲ್ಲ,” ಎಂದ ಶರತ್ ಮೆಲ್ಲಗೆ. ಆಮೇಲೆ ಫೋನು ಜೇಬಿಗಿಟ್ಟು ಹೊರಟುಹೋದ.

ಧನುಶ್ರೀ ಒಂದೇ ಉಸಿರಿಗೆ ಮನೆಗೆ ಓಡಿದಳು. ಹೇಮತ್ತೆ ಜಗಲಿಯಲ್ಲಿ ಕೂತು ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು.

“ಅತ್ತೆ, ರೋಡಿಗೇ ಇಳಿಸ್ಬೇಕು ಅಂತಿದ್ದೆ ಅಲ್ವಾ?”

“ಹೂಂ ಕಣೇ. ಎಂಜಿನ್ ನಿಂತ್ರೂ ಮೇಲಿನ ರೆಕ್ಕೆ ಗಾಳಿಗೇ ತಿರುಗ್ತಿರುತ್ತೆ, ಇಳೀಬೋದು. ಆದ್ರೆ ಮತ್ತೆ ಮೇಲಕ್ಕೆ ಏರೋಕಾಗಲ್ಲ. ಸಿಗೋದು ಒಂದೇ ಚಾನ್ಸು.”

“ರೋಡಲ್ಲಿ ಯಾರಿದ್ರು ಅಂತ ಗೊತ್ತಾಯ್ತಾ?”

“ಅಷ್ಟು ಮೇಲಿಂದ ಯಾರು ಅಂತ ಎಲ್ಲಿ ಕಾಣುತ್ತೆ? ಮೊರ ಕಾಣ್ತು. ಮೊರ ಇದ್ಮೇಲೆ ತೂರೋರು ಇರ್ತಾರಲ್ವೇನೇ?”

“ಅತ್ತೆ, ಅದು ಶರತ್ ಅಜ್ಜಿ. ಬಸಮ್ಮಜ್ಜಿ.”

ಅರಿಶಿನ ಹಚ್ಚುತ್ತಿದ್ದ ಕೈ ನಿಂತಿತು. ಧನುಶ್ರೀ ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡು ತಾನೇ ಹಚ್ಚತೊಡಗಿದಳು.

ಅಷ್ಟರಲ್ಲಿ ಬೀದಿಯಿಂದ ಗಿಡ್ಡಪ್ಪ ತಾತ ಕೂಗಿದರು. “ಏನ್ ಮಗಾ, ನಿಮ್ಮತ್ತೆ ವಿಮಾನ ಎಲ್ಲಿ ಬೀಳಿಸಿದ್ಲಂತೆ?”

ಧನುಶ್ರೀ ಈ ಸಲ ಕಿರುಚಲಿಲ್ಲ. “ಇಳಿಸಿದ್ದು ತಾತ. ಬನ್ನಿ, ತೋರಿಸ್ತೀನಿ.”

ತಲೆಯೆತ್ತಿಕೊಂಡು ಮುಂದೆ ಮುಂದೆ ನಡೆದಳು. ರೋಡಿನ ಮೇಲೆ ಹುರುಳಿ ಇನ್ನೂ ಇತ್ತು. ಕಾಳು ತುಳಿಯದಂತೆ ಅಂಚಿನಲ್ಲೇ ಹೋದಳು.

ಹೊಲದಲ್ಲಿ ಜೈರೋಪ್ಲೇನಿನ ಸುತ್ತ ಚಿಳ್ಳೆಪಿಳ್ಳೆಗಳ ಗುಂಪು. ನಡುವೆ ಕೋಲು ಹಿಡಿದು ನಿಂತಿದ್ದವನು ಶರತ್. ಗಿಡ್ಡಪ್ಪ ತಾತ ರೆಕ್ಕೆಗೆ ಕೈ ಚಾಚಿದ್ದೇ ತಡ, ಅಡ್ಡ ಬಂದ.

“ಮುಟ್ಬೇಡಿ ತಾತ! ಹೇಮತ್ತೇದು ಅದು.”

ಧನುಶ್ರೀ ಹೋಗಿ ಅವನ ಪಕ್ಕದಲ್ಲಿ ನಿಂತಳು.