ಬಿಸಿಲಲ್ಲಿ ತಣ್ಣಗಿದ್ದ ಬೆಂಚು

ಇದು ನಡೆದದ್ದು ಹಾಡಹಗಲಲ್ಲಿ. ಕತ್ತಲಿಗೆ ಹೆದರಿಕೊಂಡೆ ಎನ್ನುವಂತಿಲ್ಲ. ಡಾಕ್ಟರಿಕೆ ಓದು ಮುಗಿಯುತ್ತಿದ್ದಾಗ ನನ್ನನ್ನು ತರಬೇತಿಗೆಂದು ಈ ಹಳ್ಳಿಯ ಆಸ್ಪತ್ರೆಗೆ ಹಾಕಿದ್ದರು. ಮೊದಲ ದಿನವೇ ಅಂಗಳದ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಏನೂ ಕೇಳಿಸಲಿಲ್ಲ. ಗಡಿಬಿಡಿಯಲ್ಲಿ ಕಿವಿಗೆ ಉಲ್ಟಾ ಸಿಕ್ಕಿಸಿಕೊಂಡಿರಬೇಕೆಂದು ತಿರುಗಿಸಿ ಹಾಕಿಕೊಂಡೆ. ಆಗಲೂ ಇಲ್ಲ. ಬೆರಳಡಿಯ ಲೋಹ ಮಾತ್ರ ತಣ್ಣಗಾಗುತ್ತಾ ಬಂತು.

"ನಿಧಾನವಾಗಿ ನೋಡಮ್ಮ, ಕಲಿಯೋ ಹುಡುಗಿ ನೀನು" ಎಂದು ಅಜ್ಜಿ ನಕ್ಕರು. "ತರಬೇತಿ ಮುಗಿದ್ಮೇಲೂ ಇಲ್ಲೇ ಇರ್ತೀಯಾ?"

"ಇರ್ತೀನಜ್ಜಿ" ಎಂದೆ, ಬಾಯಿಮಾತಿಗೆ.

ಡಾಕ್ಟರ್ ಮೇಡಂ ಅವರನ್ನು ಕರೆತರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಕಾದ ಬೆಂಚಿನಲ್ಲಿ ಅವರು ಕೂತಿದ್ದ ಜಾಗವಷ್ಟೇ ತಣ್ಣಗಿತ್ತು. ಮೇಡಂ ಅಲ್ಲಿ ಕೈಯಿಟ್ಟು, "ಏನಂದೆ ಅವರಿಗೆ?" ಎಂದರು. ಹೇಳಿದೆ.

"ನಾನೂ ಹಾಗೇ ಅಂದಿದ್ದೆ ಕಣಮ್ಮ."

ವರ್ಷಾನುಗಟ್ಟಲೆ ಸಿಗದಿದ್ದ ವರ್ಗಾವಣೆ ಮೇಡಂಗೆ ಅದೇ ವಾರ ಸಿಕ್ಕಿತು.

ಈಗ ನನ್ನ ತಲೆ ನೆರೆತಿದೆ. ನಾನು ಹಾಕಿದ ವರ್ಗಾವಣೆ ಅರ್ಜಿಗಳು ಎಲ್ಲಿ ಹೋಗಿ ಬೀಳುತ್ತವೋ ಗೊತ್ತಿಲ್ಲ. ಬಹಳ ವರ್ಷಗಳ ಮೇಲೆ ಇವತ್ತು ತರಬೇತಿಗೆ ಒಬ್ಬಳು ಹುಡುಗಿ ಬರುತ್ತಿದ್ದಾಳೆ. ಬಸ್ಸು ಇನ್ನೂ ಬಂದಿಲ್ಲ. ಬಿಸಿಲು ಸುಡುತ್ತಿದೆ. ಈಗಷ್ಟೇ ಬೆಂಚು ಮುಟ್ಟಿ ಬಂದೆ. ತಣ್ಣಗಿದೆ.