ಹಕ್ಕಿಗಳೆಂಬ ಫೋಲ್ಡರ್

ಈ ಚಳಿಗಾಲದಲ್ಲಿ ಹೆಲ್ಮಿ ಲ್ಯಾಪ್‌ಟಾಪ್ ಹಿಡಿದು ಆರ್ವೊನ ರಿಪೇರಿ ಅಂಗಡಿಗೆ ಬಂದದ್ದು ಇದು ಮೂರನೆಯ ಸಲ. ಬಾಗಿಲಲ್ಲೇ ಹಿಮದ ಬೂಟು ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಒಳಗೆ ಬಂದಳು. ಆರ್ವೊನ ಎದೆ ಮಾತ್ರ ಸದ್ದು ಮಾಡಿತು. ಇಡೀ ಥಂಡರ್ ಬೇ ಊರಿನಲ್ಲಿ ಅವನಷ್ಟು ಪುಕ್ಕಲು ಪ್ರೇಮಿ ಇನ್ನೊಬ್ಬನಿರಲಿಲ್ಲ.

“ಮತ್ತೆ ಮೆಮೊರಿ ತುಂಬಿದೆಯಂತೆ. ನೀವು ಖಾಲಿ ಮಾಡಿಸಿದ್ದು ನಿಜಾನಾ, ಇಲ್ಲಾ ನನ್ನ ಕರೆಸ್ಕೊಳ್ಳೋ ಉಪಾಯಾನಾ?” ತುಟಿಯಂಚಿನಲ್ಲೇ ನಕ್ಕಳು.

ಆರ್ವೊ ಮುಖ ಕೆಂಪಾಗಿಸಿಕೊಂಡು ಲ್ಯಾಪ್‌ಟಾಪ್ ಆನ್ ಮಾಡಿದ. “ಕಾಫಿ ಕುಡೀತೀರಾ?”

ಮೂರು ಸಲವೂ ಅವನು ಕೇಳಿದ್ದು ಅದನ್ನೇ. ಅವನು ಕೇಳುತ್ತಿರುವುದು ಬರೀ ಕಾಫಿಯ ವಿಷಯವಲ್ಲ ಎಂದು ಅವಳಿಗೂ ಗೊತ್ತಿತ್ತು. ಈ ಸಲವೂ ಉತ್ತರ ಕೊಡದೆ ಬೆರಳಿನ ಉಂಗುರ ತಿರುಗಿಸಿದಳು.

ಈ ಸಲ ಇನ್ನೂ ಆಳಕ್ಕೆ ಹುಡುಕುತ್ತ ಹೋದಾಗ ಕಳ್ಳ ಸಿಕ್ಕ. ಹಿಂದೆಲ್ಲೋ ಓಡುತ್ತಿದ್ದ ಪ್ರೋಗ್ರಾಂ ಒಂದು ಮೈಕಿಗೆ ಬಿದ್ದ ದನಿಯನ್ನೆಲ್ಲ ರೆಕಾರ್ಡ್ ಮಾಡಿ, ಅವನು ಮೊದಲೇ ಕಂಡಿದ್ದ ‘ಹಕ್ಕಿಗಳು’ ಎಂಬ ಫೋಲ್ಡರಿಗೆ ತುಂಬುತ್ತಿತ್ತು.

“ರೇಯೊ ಹಾಕಿದ್ದು. ಕಿಟಕಿಗೆ ಬರೋ ಹಕ್ಕಿಗಳಿಗೋಸ್ಕರ,” ಎಂದಳು. ಅವಳ ಗಂಡ ರೇಯೊ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆರ್ವೊ ನಿನ್ನೆಯ ಫೈಲ್ ತೆರೆದ. ಚಮಚದ ಸದ್ದು, ಹೆಲ್ಮಿಯ ಗುನುಗು. ಜೊತೆಯಲ್ಲೇ ಶ್ರುತಿ ತಪ್ಪಿದ ಗಂಡುದನಿಯೊಂದು ಗುನುಗುತ್ತಿತ್ತು.

“ಮನೇಲಿ ಯಾರಿದ್ರು?”

“ನಾನೊಬ್ಬಳೇ.” ಅವಳ ಮುಖ ಬಿಳಚಿಕೊಂಡಿತು. “ಅವನಿಗೆ ಯಾವತ್ತೂ ಶ್ರುತಿ ಹತ್ತಲಿಲ್ಲ.”

ಆರ್ವೊ ಫೈಲ್ ನಿಲ್ಲಿಸಿದ. ಗಿರಾಕಿಯ ಯಾವುದನ್ನೂ ಅವನು ತಾನೇ ಅಳಿಸುತ್ತಿರಲಿಲ್ಲ. ಡಿಲೀಟ್ ಅವರೇ ಒತ್ತಬೇಕು, ಅದು ಅಂಗಡಿಯ ನಿಯಮ. ಹಿಂದಿನ ಎರಡು ಸಲವೂ ಈ ಫೋಲ್ಡರ್ ಬಂದಾಗ ಹೆಲ್ಮಿಯ ಬೆರಳು ಹಿಂದೆ ಸರಿದಿತ್ತು.

“ಇಟ್ಕೊಳ್ಳಿ. ನಾನೇನೂ ಅಂದ್ಕೊಳ್ಳಲ್ಲ,” ಎಂದ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

“ಕೊನೇದೊಂದು ಕೇಳ್ತೀನಿ.”

ಕೊನೆಯ ಫೈಲು ಹತ್ತು ನಿಮಿಷದ ಹಿಂದಿನದು, ಇದೇ ಅಂಗಡಿಯದು. “ಕಾಫಿ ಕುಡೀತೀರಾ?” ಆರ್ವೊನ ದನಿ. ಆಮೇಲೆ ಹೆಲ್ಮಿಯ ಮೌನ. ಆ ಮೌನದಲ್ಲಿ, ಮೈಕಿಗೆ ತೀರ ಹತ್ತಿರದಿಂದ, ಯಾರೋ ಪಿಸುಗುಟ್ಟಿದರು:

“ಹೂಂ ಅನ್ನು, ಹೆಲ್ಮಿ. ಪಾಪ, ಎಷ್ಟು ದಿನ ಕಾಯಿಸ್ತೀಯ ಅವನನ್ನ?”

ಹೆಲ್ಮಿ ಅತ್ತಳು. ಅಳುತ್ತಲೇ ಡಿಲೀಟ್ ಒತ್ತಿದಳು. ನಾಲ್ಕು ವರ್ಷದ ಹಕ್ಕಿಗಳು ಒಂದೇ ನಿಮಿಷದಲ್ಲಿ ಹಾರಿಹೋದವು.

“ನಂಗೆ ಹಾಲು ಬೇಡ, ಆರ್ವೊ,” ಎಂದಳು ಕಣ್ಣೊರೆಸಿಕೊಂಡು. “ನೀನು ಹೇಗೆ ಕುಡೀತೀಯೋ ಗೊತ್ತಿಲ್ಲ.”

ಅವನು ಕಪ್ಪುಗಳನ್ನು ತಂದಿಟ್ಟ. ಇಟ್ಟ ಮೇಲೆ ನೋಡಿದರೆ ಮೂರಿದ್ದವು. ಹೆಲ್ಮಿ ಮೂರಕ್ಕೂ ಕಾಫಿ ಬಗ್ಗಿಸಿ, ಒಂದನ್ನು ಕಿಟಕಿಯ ಬಳಿಯಿಟ್ಟು, ಬಂದು ಅವನ ಕೈ ಹಿಡಿದಳು.